ಬಡ್ಡಿಯ ಭಾರ, ಗೃಹಸ್ಥನ ವ್ರತ: ಧಾರವಾಡ ಸೀಮೆಯ ಸಾಲದ ಇತಿಹಾಸದಿಂದ ಕೆಲವು ಪಾಠಗಳು

ಗೃಹಸ್ಥಜೀವನದಲ್ಲಿ ಅರ್ಥಕ್ಕೆ ಇರುವ ಸ್ಥಾನವನ್ನು ಜೈನಾಚಾರ್ಯರು ಎಂದೂ ಅಲ್ಲಗಳೆದವರಲ್ಲ. ಮುನಿಗೆ ಅಪರಿಗ್ರಹವು ಮಹಾವ್ರತ. ಶ್ರಾವಕನಿಗೆ ಅದು ಪರಿಮಿತಪರಿಗ್ರಹವೆಂಬ ಅಣುವ್ರತ. ಇಷ್ಟು ಸಾಕು ಎಂದು ಮಿತಿ ಹಾಕಿಕೊಳ್ಳುವುದು ಈ ವ್ರತದ ತಿರುಳು. ಆದರೆ ಇಷ್ಟೂ ಇಲ್ಲದವನ ಗತಿಯೇನು? ತಿಂಗಳ ಗಳಿಕೆ ತಿಂಗಳ ಇಪ್ಪತ್ತನೆಯ ತಾರೀಖಿಗೇ ಮುಗಿದುಹೋಗುವ ಮನೆಯಲ್ಲಿ, ಉಳಿದ ಹತ್ತು ದಿನಗಳನ್ನು ಸಾಲದಿಂದ ತಳ್ಳುವ ಸಂಸಾರಕ್ಕೆ ಪರಿಗ್ರಹಪರಿಮಾಣದ ಉಪದೇಶವು ಏನು ಹೇಳುತ್ತದೆ? ಆ ಸಂಸಾರಕ್ಕೆ ಸಾಲ ಕೊಡುವ ವ್ಯಾಪಾರಿ ಶ್ರಾವಕನಿಗೆ ಏನು ಹೇಳುತ್ತದೆ? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಶಾಸ್ತ್ರದಲ್ಲಿ ಮಾತ್ರವಲ್ಲದೆ ಈ ನೆಲದ ಇತಿಹಾಸದಲ್ಲಿಯೂ ಹುಡುಕಬೇಕಾಗಿದೆ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿರುವ ಉಣಕಲ್ ಈ ವಿಚಾರಕ್ಕೆ ಒಂದು ಒಳ್ಳೆಯ ನೆಲೆಗಟ್ಟು. ವಿಸ್ತಾರವಾದ ಕೆರೆ, ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯ, ಸಿದ್ಧಪ್ಪಜ್ಜನವರ ಹೆಸರಿನಲ್ಲಿ ನಡೆಯುವ ಭಕ್ತಿ ಇವುಗಳಿಂದ ಪ್ರಸಿದ್ಧವಾದ ಈ ಊರು ಒಂದು ಕಾಲಕ್ಕೆ ಒಕ್ಕಲುತನದ ಹಳ್ಳಿ. 1962ರಲ್ಲಿ ರಚನೆಯಾದ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯೊಳಗೆ ಅದು ಇಂದು ಒಂದು ಬಡಾವಣೆಯಂತೆ ಸೇರಿಕೊಂಡಿದೆ. ಹೊಲದ ಸಾಲವನ್ನು ಕಂಡ ಮನೆತನಗಳ ಮಕ್ಕಳು ಪೇಟೆಯ ಸಾಲವನ್ನು ಕಾಣುತ್ತಿರುವ ಸ್ಥಳವದು. ಹಳ್ಳಿಯ ಸಾಲಕ್ಕೂ ನಗರದ ಸಾಲಕ್ಕೂ ಇರುವ ನಂಟು ಇಂಥ ಊರುಗಳಲ್ಲಿ ಎದ್ದು ಕಾಣುತ್ತದೆ.

ಹತ್ತಿಯ ಏರಿಳಿತ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಧಾರವಾಡ ಸೀಮೆಯ ಎರೆಭೂಮಿ ಹತ್ತಿಗೆ ಹೆಸರಾಗಿತ್ತು. ಇಲ್ಲಿಯ ಹತ್ತಿ ಎತ್ತಿನ ಬಂಡಿಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರದಿಂದ ಮುಂಬಯಿಗೆ ಹೋಗುತ್ತಿತ್ತು. ಅಮೇರಿಕೆಯ ಬೀಜದಿಂದ ಬೆಳೆದ ಹತ್ತಿಗೆ 'ಧಾರವಾಡ-ಅಮೇರಿಕನ್' ಎಂಬ ಹೆಸರೇ ಬಿದ್ದಿತು. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಇಂಗ್ಲಂಡಿನ ಗಿರಣಿಗಳಿಗೆ ಸಿಗದಂತಾದಾಗ ಇಲ್ಲಿಯ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಬೆಲೆ ಏರಿದಾಗ ರೈತನ ಪತ್ತೂ ಏರಿತು. ಸಾಹುಕಾರನು ಕೇಳುವ ಮೊದಲೇ ಸಾಲ ಕೊಟ್ಟನು. ರೈತನು ಬೇಕಾದುದಕ್ಕಿಂತ ಹೆಚ್ಚು ತೆಗೆದುಕೊಂಡನು. ಸರಕಾರದ ಮೋಜಣಿಯ ತರುವಾಯ ಜಮೀನು ಮಾರಲು, ಒತ್ತೆಯಿಡಲು ಬರುವ ಸ್ವತ್ತಾಗಿದ್ದುದರಿಂದ ಸಾಲಕ್ಕೆ ಭೂಮಿಯೇ ಜಾಮೀನಾಯಿತು.

1865ರಲ್ಲಿ ಯುದ್ಧ ಮುಗಿಯಿತು; ಬೆಲೆ ಕುಸಿಯಿತು. ಆದರೆ ಕಾಗದದ ಮೇಲಿನ ಅಸಲು ಕುಸಿಯಲಿಲ್ಲ. ಗಳಿಕೆ ಹೆಚ್ಚಿದ ಕಾಲದಲ್ಲಿ ಮಾಡಿದ ಸಾಲವನ್ನು ಗಳಿಕೆ ತಗ್ಗಿದ ಕಾಲದಲ್ಲಿ ತೀರಿಸಬೇಕಾಗಿ ಬರುವುದೇ ಮನೆ ಮುರಿಯುವ ಸಾಲದ ಮೂಲಲಕ್ಷಣ. ಅದರ ಬೆನ್ನಿಗೆ 1876-78ರ ಭೀಕರ ಕ್ಷಾಮ ಬಂದಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಾದ ಕಲಾದಗಿ, ಧಾರವಾಡ, ಬೆಳಗಾವಿಗಳು ಅದರ ಹೊಡೆತಕ್ಕೆ ತೀವ್ರವಾಗಿ ಸಿಕ್ಕಿದವು. ಬೆಳೆಯಿಲ್ಲದ ವರ್ಷದಲ್ಲಿಯೂ ಬಡ್ಡಿ ಮಾತ್ರ ಬೆಳೆಯಿತು.

ಮೂರು ವರ್ಷಕ್ಕೊಮ್ಮೆ ಹೊಸ ಪತ್ರ

ಸಾಲವು ಹೇಗೆ ಬೆಳೆಯುತ್ತಿತ್ತೆಂಬುದನ್ನು ತಿಳಿಯದೆ ಆ ಕಾಲದ ಸಂಕಟ ಅರ್ಥವಾಗದು. 1859ರ ಕಾಲಮಿತಿ ಕಾಯಿದೆಯು ಸಾಮಾನ್ಯ ಸಾಲದ ದಾವೆಗೆ ಮೂರು ವರ್ಷಗಳ ಗಡುವು ವಿಧಿಸಿತು. ಸಾಲಗಾರನ ಮೇಲೆ ಹಳೆಯ ಬಾಕಿ ಎಂದೆಂದಿಗೂ ತೂಗಾಡದಿರಲಿ ಎಂಬುದು ಅದರ ಸದುದ್ದೇಶ. ಆದರೆ ವ್ಯವಹಾರದಲ್ಲಿ ಫಲ ತಿರುಗುಮುರುಗಾಯಿತು. ಗಡುವು ಮುಗಿಯುವ ಮೊದಲು ಸಾಹುಕಾರನು ಅಸಲು-ಬಡ್ಡಿಗಳನ್ನು ಕೂಡಿಸಿ ಆ ಮೊತ್ತಕ್ಕೆ ಹೊಸ ಪತ್ರ ಬರೆಯಿಸಿಕೊಳ್ಳತೊಡಗಿದನು. ನಿನ್ನೆಯ ಬಡ್ಡಿ ಇಂದಿನ ಅಸಲಾಯಿತು.

ಲೆಕ್ಕವನ್ನು ನೋಡಬಹುದು. 100 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ. ಮೂರು ವರ್ಷ ಏನೂ ಕೊಡಲಾಗದಿದ್ದರೆ ಬಾಕಿ 172 ರೂಪಾಯಿ. ಅದಕ್ಕೆ ಹೊಸ ಪತ್ರವಾದರೆ ಆರನೆಯ ವರ್ಷದ ಕೊನೆಗೆ ಸುಮಾರು 296 ರೂಪಾಯಿ. ಇನ್ನೊಮ್ಮೆ ಹೊಸ ಪತ್ರವಾದರೆ ಒಂಬತ್ತನೆಯ ವರ್ಷಕ್ಕೆ ಸುಮಾರು 509 ರೂಪಾಯಿ. ರೈತನ ಕೈಗೆ ಬಂದದ್ದು ನೂರು ಮಾತ್ರ.

ಭಾರತೀಯ ಧರ್ಮಶಾಸ್ತ್ರದಲ್ಲಿ ಇದಕ್ಕೆ ಹಳೆಯದೊಂದು ಲಗಾಮು ಇದ್ದಿತು. ಅದೇ ದಾಮದುಪ್ಪಟ್ಟು. ಬಾಕಿ ನಿಂತ ಬಡ್ಡಿಯು ಯಾವ ಕಾಲಕ್ಕೂ ಅಸಲನ್ನು ಮೀರಿ ವಸೂಲಾಗಕೂಡದು ಎಂಬುದು ಅದರ ಸಾರ. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಈ ನಿಯಮವನ್ನು ಮನ್ನಿಸುತ್ತಿದ್ದವು. ಮೇಲಿನ ಲೆಕ್ಕಕ್ಕೆ ಅದನ್ನು ಅನ್ವಯಿಸಿದರೆ ಒಂಬತ್ತು ವರ್ಷವಾದರೂ ಬಾಕಿ 200 ರೂಪಾಯಿಗೆ ನಿಲ್ಲಬೇಕು. ಆದರೆ ಹೊಸ ಪತ್ರದಲ್ಲಿ ಬಡ್ಡಿಯೇ ಅಸಲಿನ ವೇಷ ತೊಟ್ಟು ನಿಂತಾಗ ಲಗಾಮಿಗೆ ಹಿಡಿತ ಸಿಗಲಿಲ್ಲ. ಅಕ್ಷರ ಬಾರದ ರೈತನು ಹೆಬ್ಬೆಟ್ಟು ಒತ್ತಿದ ಕಾಗದವು ಅವನ ಬಾಯಿಮಾತಿಗಿಂತ ದೊಡ್ಡದಾಯಿತು.

1875ರ ಮೇ ತಿಂಗಳು

ಈ ಸಂಕಟ ಮೊದಲು ಸಿಡಿದದ್ದು ಧಾರವಾಡದಲ್ಲಿ ಅಲ್ಲ, ಪುಣೆ ಜಿಲ್ಲೆಯ ಸುಪೆ ಎಂಬ ಪೇಟೆಯಲ್ಲಿ. 1875ರ ಮೇ 12ರಂದು ರೈತರು ಗುಂಪುಗೂಡಿ ಸಾಹುಕಾರರ ಮನೆ ಅಂಗಡಿಗಳಿಗೆ ನುಗ್ಗಿದರು. ಗಲಭೆ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ಅನೇಕ ಹಳ್ಳಿಗಳಿಗೆ ಹಬ್ಬಿತು. ಗಮನಿಸಬೇಕಾದ ಸಂಗತಿಯೆಂದರೆ, ಜನರು ಮುಖ್ಯವಾಗಿ ಕೇಳಿದ್ದು ಸಾಲಪತ್ರಗಳನ್ನು. ಪತ್ರಗಳನ್ನು ಒಪ್ಪಿಸಿದ ಕಡೆ ಹೆಚ್ಚಿನ ಹಾನಿಯಾಗಲಿಲ್ಲ. ಒಪ್ಪಿಸದ ಕಡೆ ಹಲ್ಲೆ, ಬೆಂಕಿ ಕಾಣಿಸಿಕೊಂಡವು. ಪತ್ರಗಳು ಬೀದಿಯಲ್ಲಿ ಸುಟ್ಟು ಬೂದಿಯಾದವು.

ಈ ಪ್ರಸಂಗವನ್ನು ಜೈನ ಓದುಗರು ದೂರದ ಸುದ್ದಿಯಂತೆ ಓದಿ ಮಡಿಚಿಡುವಂತಿಲ್ಲ. ಗಲಭೆಗೆ ಗುರಿಯಾದವರು ಬಹುಮಟ್ಟಿಗೆ ಮಾರವಾಡಿ ಮತ್ತು ಗುಜರಾತಿ ಸಾಹುಕಾರರು. ಅವರಲ್ಲಿ ಅನೇಕರು ಜೈನ ಮತದವರು. ಇರುವೆಗೆ ಸಕ್ಕರೆ ಹಾಕುವ, ರಾತ್ರಿ ಊಟ ಬಿಟ್ಟ, ಪರ್ವದಿನಗಳಲ್ಲಿ ಉಪವಾಸವಿರುವ ಸಮಾಜದ ಕೆಲವರ ವಹಿಗಳ ಮೇಲೆ ನೆರೆಯ ರೈತನಿಗೆ ಅಷ್ಟು ಕೋಪ ಏಕೆ ಬಂದಿತು? ಹೊರಗಿನವರ ಅಸೂಯೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಸಾಹುಕಾರನೂ ನಷ್ಟದ ಭಯವನ್ನು ಹೊತ್ತೇ ಸಾಲ ಕೊಡುತ್ತಿದ್ದನು, ಸರಕಾರದ ಕಂದಾಯವು ನಗದಾಗಿ, ಗೊತ್ತಾದ ದಿನಕ್ಕೆ ಬೇಕಾಗಿದ್ದುದರಿಂದ ರೈತನು ಅವನ ಬಾಗಿಲಿಗೆ ಬರಲೇಬೇಕಾಗುತ್ತಿತ್ತು ಎಂಬುದೂ ನಿಜ. ಆದರೂ ಪ್ರಶ್ನೆ ಉಳಿಯುತ್ತದೆ. ಇನ್ನೊಂದು ಕಡೆ, ಧಾರವಾಡ-ಬೆಳಗಾವಿ ಸೀಮೆಯ ಜೈನರಲ್ಲಿ ಬಹುಜನ ಒಕ್ಕಲಿಗರು. ಅವರು ಸಾಲ ತೆಗೆದುಕೊಂಡವರ ಸಾಲಿನಲ್ಲಿದ್ದರು. ಹೀಗೆ ಒಂದೇ ಬಸದಿಯಲ್ಲಿ ಕೈಮುಗಿಯುವ ಸಮಾಜವು ವಹಿಯ ಎರಡೂ ಬದಿಗಳಲ್ಲಿ ನಿಂತಿತ್ತು.

ಗಲಭೆಯ ವಿಚಾರಣೆಗೆ ಸರಕಾರ ನೇಮಿಸಿದ ಆಯೋಗವು ಸಾಲದ ಕಾರಣಗಳನ್ನು ವಿವರವಾಗಿ ಶೋಧಿಸಿತು. ಬಡವನು ಮದುವೆ ಮುಂಜಿಗಳ ದುಂದುವೆಚ್ಚದಿಂದಲೇ ಸಾಲಗಾರನಾಗುತ್ತಾನೆ ಎಂಬ ಮಾತು ಅಂದೂ ಪ್ರಚಾರದಲ್ಲಿತ್ತು, ಇಂದೂ ಇದೆ. ಆಯೋಗವು ಈ ಕಾರಣಕ್ಕೆ ಸಲ್ಲದ ಮಹತ್ವ ಬಂದಿದೆಯೆಂದು ಅಭಿಪ್ರಾಯಪಟ್ಟಿತು. ಬೀಜ, ದನ, ಹೊಟ್ಟೆಪಾಡು, ಕಂದಾಯ ಇವುಗಳಿಗಾಗಿ ಆಗಾಗ ಮಾಡಿದ ಸಣ್ಣ ಸಾಲಗಳು ಬಡ್ಡಿಯೊಡನೆ ಕೂಡಿ ಬೆಟ್ಟವಾಗುತ್ತಿದ್ದವು. ಸಾಲಗಾರನನ್ನು ಕಂಡೊಡನೆ ಅವನ ಶೀಲವನ್ನು ಶಂಕಿಸುವವರು ನೆನಪಿಡಬೇಕಾದ ಮಾತಿದು.

ಆಯೋಗದ ವರದಿಯ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಮೊದಲು ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ ಸೀಮಿತವಾಗಿದ್ದು, ಮುಂದೆ ಅದರ ಕಲಮುಗಳು ಪ್ರಾಂತದ ಇತರ ಭಾಗಗಳಿಗೂ ಹರಡಿದವು. ನ್ಯಾಯಾಧೀಶನು ಪತ್ರದ ಮೊತ್ತವನ್ನಷ್ಟೇ ನೋಡದೆ ಪತ್ರದ ಹಿಂದಕ್ಕೆ ಹೋಗಿ, ಮೊದಲ ಸಾಲದಿಂದ ಹಿಡಿದು ಲೆಕ್ಕ ತೆಗೆಯಬೇಕು. ಅಸಲಿಗೆ ಸೇರಿಸಿದ ಬಡ್ಡಿಯನ್ನು ಬೇರ್ಪಡಿಸಬೇಕು. ಸಾಹುಕಾರನು ಪಾವತಿ ಕೊಡಬೇಕು, ಕೇಳಿದಾಗ ಲೆಕ್ಕದ ಪ್ರತಿ ಕೊಡಬೇಕು. ಸಾಲಕ್ಕಾಗಿ ರೈತನನ್ನು ಸೆರೆಗೆ ಹಾಕಕೂಡದು. ಇವು ಅದರ ಮುಖ್ಯ ಕಟ್ಟಳೆಗಳು. ವಹಿಯನ್ನು ಸಾಲಗಾರನಿಗೂ ತೋರಿಸಬೇಕೆಂಬ ಸಾಮಾನ್ಯ ನ್ಯಾಯಕ್ಕೆ ಒಂದು ಗಲಭೆ, ಒಂದು ಆಯೋಗ, ಒಂದು ಕಾಯಿದೆ ಬೇಕಾದವು!

ಕಣಗಿನಹಾಳದ ಬೆಳಕು

ಕಾಯಿದೆಯು ಕೆಟ್ಟ ಸಾಲವನ್ನು ತಡೆಯಬಲ್ಲುದು. ಒಳ್ಳೆಯ ಸಾಲವನ್ನು ಹುಟ್ಟಿಸಲಾರದು. ಆ ಕೆಲಸಕ್ಕೆ ಬೇರೊಂದು ಮಾರ್ಗ ಬೇಕಾಗಿತ್ತು. ಜರ್ಮನಿಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೈಫೈಸನ್ ಎಂಬಾತನು ಹಳ್ಳಿಗರು ತಾವೇ ಸೇರಿ, ಒಬ್ಬರಿಗೊಬ್ಬರು ಹೊಣೆಯಾಗಿ, ಸಾಲ ಕೊಟ್ಟು ತೆಗೆದುಕೊಳ್ಳುವ ಸಂಘಗಳನ್ನು ಸ್ಥಾಪಿಸಿದ್ದನು. ಮದ್ರಾಸ್ ಪ್ರಾಂತದ ಅಧಿಕಾರಿ ಫ್ರೆಡರಿಕ್ ನಿಕೊಲ್ಸನ್ ಈ ಮಾರ್ಗವನ್ನು ಅಭ್ಯಸಿಸಿ 1890ರ ದಶಕದಲ್ಲಿ ಭಾರತಕ್ಕೆ ಶಿಫಾರಸು ಮಾಡಿದನು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು.

ಮರುವರ್ಷವೇ, 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳ ಗ್ರಾಮದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿಪತ್ತಿನ ಸಹಕಾರಿ ಸಂಘ ನೋಂದಣಿಯಾಯಿತು. ಆ ಕಾಯಿದೆಯ ಕೆಳಗೆ ದೇಶದಲ್ಲಿ ಹುಟ್ಟಿದ ಮೊದಲ ಸಂಘವೆಂಬ ಕೀರ್ತಿ ಅದರದು. ಗ್ರಾಮಸಂಘದ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನು ಬಾಕಿ ಉಳಿಸಿಕೊಂಡರೆ ಉಳಿದವರು ತುಂಬಿಕೊಡಬೇಕು. ಈ ಕಠಿಣ ಕಟ್ಟಳೆಯಲ್ಲಿಯೇ ಅದರ ಜಾಣ್ಮೆಯಿತ್ತು. ನೆರೆಯವನು ಎತ್ತು ಕೊಳ್ಳಲು ಸಾಲ ಕೇಳುತ್ತಿದ್ದಾನೋ, ಜೂಜಿಗೆ ಕೇಳುತ್ತಿದ್ದಾನೋ ಎಂಬುದು ನೆರೆಯವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಡವನಿಗೆ ಜಮೀನಿಗಿಂತ ದೊಡ್ಡ ಜಾಮೀನು ಅವನ ನಡತೆ ಎಂಬ ತತ್ತ್ವವನ್ನು ಈ ಸಂಘಗಳು ವ್ಯವಹಾರಕ್ಕೆ ಇಳಿಸಿದವು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಕೋ-ಆಪರೇಟಿವ್ ಬ್ಯಾಂಕು ಸ್ಥಾಪನೆಯಾಗಿ ಜಿಲ್ಲೆಯ ಸಂಘಗಳಿಗೆ ಆಸರೆಯಾಯಿತು.

ಆದರೆ ಸಹಕಾರದ ಬೆಳಕು ಎಲ್ಲ ಮನೆಗಳನ್ನೂ ತಲುಪಲಿಲ್ಲ. ರಿಸರ್ವ್ ಬ್ಯಾಂಕು ನಡೆಸಿದ 1951-52ರ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯಂತೆ, ರೈತರು ಪಡೆದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ 3.1, ವಾಣಿಜ್ಯ ಬ್ಯಾಂಕುಗಳ ಪಾಲು 0.9, ಲೇವಾದೇವಿಗಾರರ ಪಾಲು ಸುಮಾರು 70. ಅರ್ಧ ಶತಮಾನದ ಚಳವಳಿಯ ನಂತರವೂ ಸಾಹುಕಾರನ ಗಾದಿ ಅಲುಗಿರಲಿಲ್ಲ. ಕೇಳಿದ ದಿನವೇ, ಕಾಗದಪತ್ರದ ತೊಡಕಿಲ್ಲದೆ, ಔಷಧಕ್ಕೂ ಅಂತ್ಯಕ್ರಿಯೆಗೂ ಹಣ ಕೊಡುವವನು ಅವನೊಬ್ಬನೇ ಆಗಿದ್ದನು.

ಸಂಬಳದ ಮನೆಯ ಸಾಲ

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಹುಬ್ಬಳ್ಳಿಗೆ ಬಂದು, ರೈಲ್ವೆ ಕಾರ್ಖಾನೆಯೂ ತೆರೆದ ಮೇಲೆ ಈ ಸೀಮೆಯಲ್ಲಿ ಹೊಸದೊಂದು ವರ್ಗ ಹುಟ್ಟಿತು: ತಿಂಗಳ ಪಗಾರದ ಕೂಲಿಕಾರರ ವರ್ಗ. ಅರಳೆ ಒತ್ತುವ ಕಾರ್ಖಾನೆಗಳು, ಗಿರಣಿಗಳು ಅದನ್ನು ಬೆಳೆಸಿದವು. ಮಳೆಯ ದಾರಿ ಕಾಯುವುದು ತಪ್ಪಿತು. ಆದರೆ ಸಾಲ ತಪ್ಪಲಿಲ್ಲ. 1931ರಲ್ಲಿ ವರದಿ ಒಪ್ಪಿಸಿದ ಕಾರ್ಮಿಕ ರಾಯಲ್ ಆಯೋಗವು ಭಾರತದ ಬಹುತೇಕ ಔದ್ಯೋಗಿಕ ಕೇಂದ್ರಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಕಾರ್ಮಿಕ ಕುಟುಂಬಗಳು ಸಾಲದಲ್ಲಿವೆಯೆಂದು ಅಂದಾಜು ಮಾಡಿತು. ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಸಾಮಾನ್ಯವಾಗಿತ್ತು. ಕಿವಿಗೆ ಒಂದಾಣೆ ಹಗುರಾಗಿ ಕೇಳಿಸುತ್ತದೆ. ವರ್ಷಕ್ಕೆ ಅದು ನೂರಕ್ಕೆ 75 ಆಗುತ್ತದೆ.

ಇದೇ ಕಾಲದಲ್ಲಿ ಕರಾವಳಿಯ ಉಡುಪಿಯಲ್ಲಿ ಒಂದು ಸರಳವಾದ ಪ್ರಯೋಗ ನಡೆಯಿತು. 1925ರಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಅವರ ಸಂಗಡಿಗರು ಸ್ಥಾಪಿಸಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೆ ಬಂದು ಸಂಗ್ರಹಿಸುವ ಏಜಂಟ. ಬಡವನು ಉಳಿಸಲಾರ ಎಂಬ ನಂಬಿಕೆಯನ್ನು ಈ ಪದ್ಧತಿ ಸುಳ್ಳು ಮಾಡಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 'ಪಿಗ್ಮಿ' ಎಂಬ ಶಬ್ದ ಮಾತ್ರ ಕರ್ನಾಟಕದ ಪೇಟೆಗಳಲ್ಲಿ ಮನೆಮಾತಾಗಿ ಉಳಿದಿದೆ.

ಸ್ವಾತಂತ್ರ್ಯಾನಂತರ ಸರಕಾರಗಳೂ ಸುಮ್ಮನಿರಲಿಲ್ಲ. ರಾಜ್ಯದಲ್ಲಿ 1961ರ ಲೇವಾದೇವಿಗಾರರ ಕಾಯಿದೆ ಪರವಾನಗಿಯನ್ನು ಕಡ್ಡಾಯ ಮಾಡಿತು. ದೇವರಾಜ ಅರಸರ ಆಡಳಿತದಲ್ಲಿ 1976ರ ಋಣಪರಿಹಾರ ಕಾಯಿದೆಯು ಸಣ್ಣ ರೈತರು, ಭೂಹೀನ ಕೂಲಿಕಾರರು ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲವನ್ನು ರದ್ದುಪಡಿಸಿತು. ಒತ್ತೆಯಿಟ್ಟ ಪಾತ್ರೆ-ಪಗಡ, ತಾಳಿ-ಗುಂಡುಗಳು ಮರಳಿ ಮನೆಗೆ ಬಂದದ್ದು ಸಣ್ಣ ಸಮಾಧಾನವಲ್ಲ. ಆದರೆ ಹಳೆಯ ಸಾಲ ಹರಿದ ಮನೆಗೆ ಮರುವರ್ಷದ ಸಾಲ ಯಾರು ಕೊಡಬೇಕು ಎಂಬ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ. ಅದೇ 1976ರಲ್ಲಿ ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕು ಹುಟ್ಟಿದ್ದು, 1980ರ ದಶಕದಿಂದ ಕರ್ನಾಟಕದಲ್ಲಿ ಸ್ವಸಹಾಯ ಸಂಘಗಳು ಬೆಳೆದದ್ದು, 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕುಗಳೊಡನೆ ಜೋಡಿಸಲಾರಂಭಿಸಿದ್ದು, ಇವೆಲ್ಲ ಆ ಉತ್ತರದ ಹುಡುಕಾಟವೇ. ಹತ್ತು-ಹದಿನೈದು ಹೆಣ್ಣುಮಕ್ಕಳು ವಾರಕ್ಕೊಮ್ಮೆ ಸೇರಿ, ಸಣ್ಣ ಉಳಿತಾಯ ಕೂಡಿಹಾಕಿ, ತಮ್ಮಲ್ಲೇ ಸಾಲ ಕೊಟ್ಟುಕೊಳ್ಳುವ ಈ ಪದ್ಧತಿಯಲ್ಲಿ ಕಣಗಿನಹಾಳದ ತತ್ತ್ವವೇ ಹೊಸ ರೂಪದಲ್ಲಿ ಕಾಣುತ್ತದೆ.

ಮೀಟರ್ ಬಡ್ಡಿಯ ಲೆಕ್ಕ

ಇಂದಿನ ಉಣಕಲ್ಲಿನಂಥ ಊರಿನಲ್ಲಿ ಕಡಿಮೆ ಗಳಿಕೆಯ ಮನೆಗೆ ಸಾಲದ ಬಾಗಿಲುಗಳು ಅನೇಕ: ಕಿರಾಣಿ ಅಂಗಡಿಯ ಉದ್ದರಿ, ನೆಂಟರ ಕೈಗಡ, ಓಣಿಯ ಭಿಶಿ, ಬಂಗಾರದ ಒತ್ತೆ, ಸೊಸಾಯಟಿ, ಸಂಘದ ಸಾಲ, ಕಿರುಹಣಕಾಸು ಸಂಸ್ಥೆ, ಮೊಬೈಲಿನಲ್ಲಿ ಸಿಗುವ ಸಾಲ, ಕೊನೆಗೆ ಮೀಟರ್ ಬಡ್ಡಿ. ಒಂದನ್ನು ತೀರಿಸಲು ಇನ್ನೊಂದು ಬಾಗಿಲು ತಟ್ಟುವುದು 1859ರ ಹೊಸ ಪತ್ರದ ಇನ್ನೊಂದು ರೂಪವಷ್ಟೇ. ಹೆಸರು ಬದಲಾಗಿದೆ; ಬಡ್ಡಿ ಅಸಲಾಗುವ ಪ್ರಕ್ರಿಯೆ ಬದಲಾಗಿಲ್ಲ.

ದಿನವಸೂಲಿಯ ಸಾಲವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 10,000 ರೂಪಾಯಿ ಸಾಲವೆಂದು ಬರೆದು, 1,500 ಮೊದಲೇ ಮುರಿದುಕೊಂಡು, 8,500 ಕೈಗೆ ಕೊಟ್ಟು, ದಿನಕ್ಕೆ 100ರಂತೆ 100 ದಿನ ವಸೂಲು ಮಾಡಿದರೆ, ಸಾಲಗಾರನು ಇದನ್ನು ನೂರಕ್ಕೆ 15ರ ಬಡ್ಡಿಯೆಂದು ತಿಳಿಯುತ್ತಾನೆ. ಆದರೆ ಅಸಲು ದಿನದಿನಕ್ಕೂ ಕರಗುತ್ತಿರುವುದರಿಂದ ಅವನ ಬಳಿ ಸರಾಸರಿ ಇದ್ದ ಹಣ ಸುಮಾರು 4,250 ಮಾತ್ರ. ಅದಕ್ಕೆ ನೂರು ದಿನದಲ್ಲಿ 1,500 ಬಡ್ಡಿಯೆಂದರೆ ವರ್ಷಕ್ಕೆ ನೂರಕ್ಕೆ 125ನ್ನೂ ಮೀರುತ್ತದೆ. ಇಲ್ಲಿ ಇನ್ನೊಂದು ವಿಪರ್ಯಾಸವಿದೆ. ದಿನಕ್ಕೆ ನೂರು ರೂಪಾಯಿ ತಪ್ಪದೆ ಕೊಡಬಲ್ಲ ಮನೆಯು ಅದನ್ನೇ ಪಿಗ್ಮಿಗೆ ಕಟ್ಟಿದ್ದರೆ ನೂರು ದಿನದ ಕೊನೆಗೆ 10,000 ರೂಪಾಯಿ ಅದರ ಸ್ವಂತದ್ದಾಗಿರುತ್ತಿತ್ತು. ಬಾಗಿಲಿಗೆ ಬರುವ ವಸೂಲಿಗಾರ ಇಬ್ಬರಲ್ಲಿಯೂ ಒಬ್ಬನೇ ರೀತಿ. ಹಣ ಹರಿಯುವ ದಿಕ್ಕು ಮಾತ್ರ ಬೇರೆ. ಆಪತ್ತು ಉಳಿತಾಯಕ್ಕಿಂತ ಮೊದಲು ಬಂದ ಮನೆಗೆ ಈ ಮಾತು ಗಾಯದ ಮೇಲಿನ ಉಪ್ಪಾಗಬಾರದು. ಆದರೆ ಮುಂದಿನ ಆಪತ್ತಿಗೆ ಅದು ದಾರಿ ತೋರಬಲ್ಲುದು.

ಇನ್ನೊಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಗಂಡ-ಹೆಂಡಿರಿಬ್ಬರ ದುಡಿಮೆ ಸೇರಿ ತಿಂಗಳಿಗೆ 20,000. ಖಾಸಗಿಯವರಲ್ಲಿ ತೆಗೆದ 40,000 ಸಾಲಕ್ಕೆ ತಿಂಗಳಿಗೆ ನೂರಕ್ಕೆ 5ರಂತೆ 2,000 ಬಡ್ಡಿ. ಎಷ್ಟು ವರ್ಷ ಕಟ್ಟಿದರೂ ಅಸಲು 40,000ವೇ. ಮನೆಯಲ್ಲಿ ಮಗಳ ಮದುವೆಗೆಂದು ಕಾಯ್ದಿಟ್ಟ ಬಳೆಗಳಿವೆ. ಅವುಗಳನ್ನು ತೆಗೆಯಲು ಮನಸ್ಸಿಲ್ಲ. ಆ ಬಳೆಗಳನ್ನು ಬ್ಯಾಂಕಿನಲ್ಲಿಟ್ಟು ವರ್ಷಕ್ಕೆ ನೂರಕ್ಕೆ 12ರ ದರದಲ್ಲಿ 40,000 ತಂದು ಖಾಸಗಿ ಸಾಲವನ್ನು ಒಮ್ಮೆಗೇ ತೀರಿಸಿದರೆ, ಮೊದಲ ತಿಂಗಳ ಬಡ್ಡಿ ಕೇವಲ 400. ಅದೇ 2,000ವನ್ನು ಬ್ಯಾಂಕಿಗೆ ಕಟ್ಟುತ್ತ ಹೋದರೆ 23 ತಿಂಗಳಲ್ಲಿ ಸಾಲವೂ ತೀರುತ್ತದೆ, ಬಳೆಗಳೂ ಮರಳುತ್ತವೆ. ಗಳಿಕೆ ಒಂದು ರೂಪಾಯಿಯೂ ಹೆಚ್ಚಲಿಲ್ಲ; ಖರ್ಚು ಒಂದು ರೂಪಾಯಿಯೂ ಇಳಿಯಲಿಲ್ಲ. ಲೆಕ್ಕ ಮಾತ್ರ ಬದಲಾಯಿತು. ಇಂಥ ದಾರಿ ಎಲ್ಲ ಮನೆಗೂ ಇಲ್ಲ. ಆದರೆ ಇರುವ ಮನೆಯೂ ಅದನ್ನು ಕಾಣದಿರಲು ಕಾರಣ, ಸಾಲಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆಯುವ ಅಂಜಿಕೆ. ಯಾರಿಗೆ, ಎಷ್ಟು, ಯಾವ ದರಕ್ಕೆ ಎಂದು ಬರೆದು, ಹೆಚ್ಚಿನ ದರದ ಸಾಲವನ್ನು ಮೊದಲು ತೀರಿಸುವುದು ವ್ಯಾಪಾರದ ಮೊದಲ ಪಾಠ. ಮನೆತನಕ್ಕೂ ಅದೇ ಪಾಠ.

ಸಾಲಗಾರನಿಗೆ ಇಂದು ಇರುವ ರಕ್ಷಣೆಯೂ ತಿಳಿದಿರಬೇಕು. ದಿವಾಣಿ ಸಂಹಿತೆಯ 60ನೆಯ ಕಲಮಿನಂತೆ ಸಾಮಾನ್ಯ ಸಾಲದ ಡಿಕ್ರಿಗೆ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೆಯ ಎರಡು ಪಾಲು ಜಪ್ತಿಯಾಗದು. ಅಡಿಗೆಯ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಕಸುಬುದಾರನ ಸಲಕರಣೆಗಳೂ ಜಪ್ತಿಯಾಗವು. ಕೇವಲ ಬಡತನದಿಂದ ಸಾಲ ತೀರಿಸಲಾಗದವನನ್ನು ಸೆರೆಗೆ ಹಾಕಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಸ್ಪಷ್ಟಪಡಿಸಿದೆ. 2022ರಿಂದ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಕಿರುಸಾಲ ಪಡೆದ ಮನೆಯ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಕೂಡದು. ಬೆಳಗಿನ 9ಕ್ಕೆ ಮೊದಲು, ಸಂಜೆಯ 6ರ ತರುವಾಯ ಆ ಸಾಲದ ವಸೂಲಿಗೆ ಬಾಗಿಲು ತಟ್ಟಕೂಡದು. 2025ರ ಆರಂಭದಲ್ಲಿ ವಸೂಲಿಗಾರರ ಕಿರುಕುಳ ತಾಳದೆ ರಾಜ್ಯದ ಹಲವೆಡೆ ಜನರು ಜೀವ ಕಳೆದುಕೊಂಡ ಮೇಲೆ, ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಬಲವಂತದ ವಸೂಲಿಗೆ 10 ವರ್ಷದವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಿತು. ಸುಪೆಯ ಗಲಭೆಗೂ ಈ ಸುಗ್ರೀವಾಜ್ಞೆಗೂ ನಡುವೆ ಸುಮಾರು 150 ವರ್ಷಗಳು. 1875ರಲ್ಲಿ ಸಾಲಗಾರನು ಪತ್ರವನ್ನು ಸುಟ್ಟನು. 2025ರಲ್ಲಿ ಅವನು ತನ್ನನ್ನೇ ಇಲ್ಲವಾಗಿಸಿಕೊಂಡನು. ಇದನ್ನು ಪ್ರಗತಿಯೆನ್ನುವುದು ಹೇಗೆ?

ಅತಿಭಾರಾರೋಪಣ

ಇಲ್ಲಿ ಶಾಸ್ತ್ರದ ಕಡೆಗೆ ಮರಳಬೇಕು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಸೇರಿಸಿದ್ದಾರೆ. ಹೊರಲಾರದಷ್ಟು ಹೊರೆ ಹೇರುವುದು, ಉಣಿಸು ತಪ್ಪಿಸುವುದು. ವ್ಯಾಖ್ಯಾನಕಾರರು ಎತ್ತು ಮೊದಲಾದ ಪ್ರಾಣಿಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ವಿವರಿಸುವುದುಂಟು. ಆದರೆ ಎತ್ತಿನ ಬೆನ್ನಿಗೆ ಹೇರಿದ ಭಾರ ಹಿಂಸೆಯಾದರೆ ಮನುಷ್ಯನ ಬೆನ್ನಿಗೆ ಹೇರಿದ ಬಡ್ಡಿ ಹಿಂಸೆಯಲ್ಲವೇ? ಕಂತು ಕಟ್ಟುವುದಕ್ಕಾಗಿ ಒಂದು ಹೊತ್ತಿನ ಊಟ ಬಿಡುವ ಮನೆಯಿಂದ ವಸೂಲಾದ ಹಣಕ್ಕೆ ಅನ್ನಪಾನನಿರೋಧದ ದೋಷ ತಟ್ಟದೇ? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರಗಳಿವೆ: ಸುಳ್ಳು ಬರಹ, ನಂಬಿ ಇಟ್ಟ ವಸ್ತುವಿನ ಅಪಹಾರ. 8,500 ಕೊಟ್ಟು 10,000 ಎಂದು ಬರೆಯುವುದು ಯಾವ ಜಾತಿಯ ಲೇಖ ಎಂಬುದನ್ನು ಹೇಳಲು ಪಂಡಿತರು ಬೇಕಾಗಿಲ್ಲ. ಆಚಾರ್ಯರು ವ್ರತಗಳನ್ನು ಬಸದಿಯ ಒಳಗೆ ಮಾತ್ರವಲ್ಲ, ಗಾದಿಯ ಮೇಲೂ ಪಾಲಿಸಲೆಂದೇ ವಿಧಿಸಿದರು. ಹಾಗಾಗಿಯೇ ಆಶಾಧರರು ಸಾಗಾರಧರ್ಮವನ್ನು ನಿರೂಪಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಗೃಹಸ್ಥನ ಗುಣಗಳಲ್ಲಿ ಮುಂದಿಟ್ಟರು.

ಈ ಅತಿಚಾರವು ಸಾಲ ಕೊಡುವವನಿಗೆ ಮಾತ್ರ ಅನ್ವಯಿಸುವುದಿಲ್ಲ. ತನ್ನ ಮನೆಯ ಮೇಲೆ ತಾನೇ ಹೇರಿಕೊಳ್ಳುವ ಅತಿಭಾರವೂ ಉಂಟು. ಹತ್ತನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ, ಆಯವನ್ನು ನೋಡದೆ ವ್ಯಯ ಮಾಡಿದರೆ ಕುಬೇರನೂ ಬರಿಗೈಯವನಾಗುವನೆಂಬ ಅರ್ಥದ ಎಚ್ಚರಿಕೆ ಕೊಟ್ಟಿದ್ದಾರೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಸದ್ಗೃಹಸ್ಥನ ಗುಣಗಳನ್ನು ಹೇಳುವಾಗ ಆದಾಯಕ್ಕೆ ತಕ್ಕ ವೆಚ್ಚವನ್ನೂ ವಿತ್ತಕ್ಕೆ ತಕ್ಕ ವೇಷವನ್ನೂ ಸೇರಿಸಿದ್ದಾರೆ. ಪರಿಗ್ರಹಪರಿಮಾಣವೆಂದರೆ ಶ್ರೀಮಂತನು ಕೋಟಿಗೆ ಗೆರೆ ಎಳೆಯುವುದಷ್ಟೇ ಅಲ್ಲ. ನೆರೆಯವರು ಮಾಡಿದ ಮದುವೆಯಂತೆಯೇ ತನ್ನ ಮನೆಯ ಮದುವೆಯೂ ಆಗಬೇಕೆಂಬ ಆಸೆಗೆ ಬಡವನು ಎಳೆಯುವ ಗೆರೆಯೂ ಅದೇ ವ್ರತ. ಆದರೆ ಈ ಗೆರೆಯನ್ನು ಬಡವನೊಬ್ಬನೇ ಎಳೆಯಲಾರ. ಸಮಾಜದ ಸಿರಿವಂತರು ತಮ್ಮ ಮನೆಯ ಮಂಗಳಕಾರ್ಯಗಳನ್ನು ಸರಳಗೊಳಿಸಿದಾಗಲೇ ಬಡವನಿಗೆ ಸರಳವಾಗಿರುವ ಧೈರ್ಯ ಬರುತ್ತದೆ. ಅವರ ಆಡಂಬರವು ಅವರಿಗೆ ಭಾರವಾಗದಿರಬಹುದು. ಆದರೆ ಅದು ಕೆಳಗಿನ ಹತ್ತು ಮನೆಗಳ ಮೇಲೆ ಹೇರಿದ ಭಾರ.

ಬಸದಿಗಳ ಆಶ್ರಯದಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಈ ನಾಡಿನಲ್ಲಿ ಶತಮಾನಗಳಿಂದ ನಡೆದುಬಂದಿವೆ. ಇವುಗಳಲ್ಲಿ ಅಭಯದಾನಕ್ಕೆ ಇಂದಿನ ಕಾಲದಲ್ಲಿ ಒಂದು ಹೊಸ ಅರ್ಥವನ್ನು ಕೊಡಬಹುದಾಗಿದೆ. ಬಾಗಿಲು ತಟ್ಟುವ ಸದ್ದಿಗೆ ಬೆಚ್ಚುವ ಮನೆಯನ್ನು ಆ ಭಯದಿಂದ ಬಿಡಿಸುವುದು ಅಭಯದಾನವಲ್ಲದೆ ಮತ್ತೇನು? ಪ್ರತಿ ಊರಿನ ಸಮಾಜವು ಆಪತ್ಕಾಲಕ್ಕೆ ಬಡ್ಡಿಯಿಲ್ಲದ ಅಥವಾ ಕನಿಷ್ಠ ಬಡ್ಡಿಯ ಒಂದು ಸಣ್ಣ ನಿಧಿಯನ್ನು ಇಡಬಹುದು. ಲೆಕ್ಕ ಬಲ್ಲ ಇಬ್ಬರು ಹಿರಿಯರು ತಿಂಗಳಿಗೊಮ್ಮೆ ಕುಳಿತು, ಸಂಕಟದಲ್ಲಿರುವ ಮನೆಯ ಸಾಲದ ಹಾಳೆಯನ್ನು, ಅದರ ಗುಟ್ಟನ್ನು ಕಾಪಾಡಿ, ಸರಿಪಡಿಸಿಕೊಡಬಹುದು. ಕಣಗಿನಹಾಳದವರ ಬಳಿ ದೊಡ್ಡ ಬಂಡವಾಳವಿರಲಿಲ್ಲ. ಒಬ್ಬರ ಹೊಣೆಯನ್ನು ಇನ್ನೊಬ್ಬರು ಹೊರುವ ಮನಸ್ಸಿತ್ತು.

ಸಾಲವು ಪಾಪವಲ್ಲ. ಬಿತ್ತುವ ಬೀಜಕ್ಕೆ, ಕಲಿಯುವ ಮಗುವಿಗೆ, ಮಲಗಿದ ತಾಯಿಯ ಔಷಧಕ್ಕೆ ತೆಗೆದ ಸಾಲದಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಹೊರಲಾರದ ಹೊರೆಯಾದಾಗ ಅದು ಹಿಂಸೆಯಾಗುತ್ತದೆ; ಹೇರಿದವನಿಗೂ ಕರ್ಮಬಂಧ, ಹೊತ್ತವನಿಗೂ ದುಃಖ. ಎತ್ತಿನ ಬೆನ್ನನ್ನು ನೋಡಿ ಮೂಟೆ ಇಳಿಸುವ ಕರುಣೆಯುಳ್ಳ ಶ್ರಾವಕನು ತನ್ನ ವಹಿಯನ್ನು ತೆರೆದಾಗಲೂ ಅದೇ ಕಣ್ಣಿನಿಂದ ನೋಡಲಿ. ದೀಪಾವಳಿಯ ದಿನ ಹೊಸ ವಹಿಗೆ ಪೂಜೆ ಮಾಡುವ ಮೊದಲು, ಹಳೆಯ ವಹಿಯಲ್ಲಿ ಯಾರ ಬಡ್ಡಿ ಅಸಲನ್ನು ಮೀರಿದೆ ಎಂದು ಒಮ್ಮೆ ಪುಟ ತಿರುವಿ ನೋಡುವುದು ಆ ಪೂಜೆಯ ಮೊದಲ ಅಂಗವಾಗಲಿ.